ಗುಮಾಸ್ತರ ಫೈಲು

ಮಲೆನಾಡಿನ ಅಂಚಿನ ಹೋಬಳಿಯೊಂದರ ಹೈಸ್ಕೂಲಿನಲ್ಲಿ ಗೆದ್ದಲಿಗೂ ಗುಮಾಸ್ತರಿಗೂ ಬಹುಕಾಲದಿಂದ ಪೈಪೋಟಿ ನಡೆದಿತ್ತು. ಪೈಪೋಟಿಯ ವಸ್ತು ದಾಖಲಾತಿ ರಿಜಿಸ್ಟರು. ಶಾಲೆ ಆರಂಭವಾದ 1958ರಿಂದ ಅಲ್ಲಿಗೆ ಸೇರಿದ ಪ್ರತಿಯೊಬ್ಬ ಹುಡುಗ, ಹುಡುಗಿಯ ಹೆಸರು, ತಂದೆಯ ಹೆಸರು, ಊರು, ಜಾತಿ, ಹುಟ್ಟಿದ ತಾರೀಖು, ಸೇರಿದ ದಿನ, ಬಿಟ್ಟ ದಿನ ಎಲ್ಲವೂ ಆ ದಪ್ಪ ಪುಸ್ತಕಗಳಲ್ಲಿ ಇದ್ದವು. ಹಳ್ಳಿಯ ಕಡೆ ಹಳೆಯ ತಲೆಮಾರಿನವರಿಗೆ ಹುಟ್ಟಿದ ತಾರೀಖೆಂದರೆ ‘ದೊಡ್ಡ ನೆರೆ ಬಂದ ವರ್ಷ, ಗದ್ದೆ ನಾಟಿ ಮುಗಿದ ಮೇಲೆ’ ಎಂಬಷ್ಟೇ. ಪಿಂಚಣಿಗೋ, ಪಾಸ್‌ಪೋರ್ಟಿಗೋ, ಆಸ್ತಿ ವ್ಯಾಜ್ಯಕ್ಕೋ ಕಾಗದ ಬೇಕಾದಾಗ ಅವರು ಬಂದು ನಿಲ್ಲುವುದು ಶಾಲೆಯ ಆಫೀಸಿನ ಬಾಗಿಲಲ್ಲೇ. ರಿಜಿಸ್ಟರಿನಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮನುಷ್ಯ ಕಣ್ಣೆದುರಿಗೆ ಕುಳಿತಿದ್ದರೂ ಅವನು ಹುಟ್ಟಿದ್ದಕ್ಕೆ ಸಾಕ್ಷಿ ಆ ಒಂದು ಸಾಲು.

ಗುಮಾಸ್ತರು ಸೀಮೆಎಣ್ಣೆ ಸವರಿದರು, ಬೇವಿನ ಎಲೆ ಇಟ್ಟರು, ಮರದ ಬೀರುವಿನಿಂದ ಕಬ್ಬಿಣದ ಬೀರುವಿಗೆ ಸಾಗಿಸಿದರು. ಗೆದ್ದಲು ಎಲ್ಲಿಂದಲೋ ಬರುತ್ತಲೇ ಇತ್ತು. ಕೊನೆಗೆ ಶಾಲೆಗೆ ಒಂದು ಕಂಪ್ಯೂಟರು ಬಂದಾಗ, ಅದರಲ್ಲಿ ಎಲ್ಲರೂ ಇಸ್ಪೀಟು ಆಡುವುದನ್ನು ಕಲಿಯುತ್ತಿದ್ದ ಕಾಲದಲ್ಲಿ, ಅವರು ಟೈಪ್‌ರೈಟರಿನ ಅಭ್ಯಾಸವಿದ್ದ ಬೆರಳುಗಳಿಂದ ರಿಜಿಸ್ಟರುಗಳನ್ನು ಒಂದೊಂದೇ ಸಾಲಾಗಿ ಒಳಗೆ ಇಳಿಸತೊಡಗಿದರು. ಸಂಜೆ ನಾಲ್ಕೂವರೆಗೆ ಮಕ್ಕಳೆಲ್ಲ ಹೋದ ಮೇಲೆ ಒಂದು ಗಂಟೆ. ಹೀಗೆ ಮೂರು ವರ್ಷ. ಸರ್ಕಾರ ಹೇಳಿದ್ದಲ್ಲ, ಹೆಡ್‌ಮಾಸ್ತರರು ಕೇಳಿದ್ದಲ್ಲ.

ಅವರು ಬಳಸಿದ್ದು ವಿಂಡೋಸ್‌ನ ಜೊತೆಗೇ ಬರುವ ನೋಟ್‌ಪ್ಯಾಡ್. ಒಂದು ವಿದ್ಯಾರ್ಥಿಗೆ ಒಂದು ಸಾಲು, ಒಂದು ವಿವರಕ್ಕೂ ಮುಂದಿನದಕ್ಕೂ ನಡುವೆ ಅಲ್ಪವಿರಾಮ. ‘ಇದಕ್ಕೆಲ್ಲ ದೊಡ್ಡ ದೊಡ್ಡ ಸಾಫ್ಟ್‌ವೇರ್ ಇದೆ ಸ್ವಾಮಿ’ ಎಂದವರಿಗೆ ಅವರು ತಲೆ ಆಡಿಸಿ ಸುಮ್ಮನಾಗುತ್ತಿದ್ದರು. ಹಾಗೆ ನೋಡಿದರೆ ಅವರ ಆಯ್ಕೆ ಸರಿಯಾದದ್ದೇ. ಪಠ್ಯದ ಫೈಲು, ಅಂದರೆ ಟೆಕ್ಸ್ಟ್ ಫೈಲು, ಕಂಪ್ಯೂಟರ್ ಜಗತ್ತಿನ ಅತಿ ಸರಳ ವಸ್ತು. 1974ರಲ್ಲಿ ಡೆನಿಸ್ ರಿಚಿ ಮತ್ತು ಕೆನ್ ಥಾಂಪ್ಸನ್ ತಮ್ಮ ಯುನಿಕ್ಸ್ ವ್ಯವಸ್ಥೆಯನ್ನು ವಿವರಿಸಿ ಬರೆದ ಪ್ರಸಿದ್ಧ ಲೇಖನದಲ್ಲಿ ಪಠ್ಯದ ಫೈಲಿಗೆ ಹೇಳಿದ ಲಕ್ಷಣ ಬಹಳ ಚಿಕ್ಕದು: ಅಕ್ಷರಗಳ ಒಂದು ಸರಮಾಲೆ, ಸಾಲು ಮುಗಿದಲ್ಲಿ ಅದನ್ನು ತಿಳಿಸುವ ಒಂದು ಗುರುತು. ಅಷ್ಟೆ. ಅದರಲ್ಲಿ ಗುಟ್ಟಿಲ್ಲ, ಬೀಗವಿಲ್ಲ. ಬರೆದ ಸಾಫ್ಟ್‌ವೇರ್ ಕಂಪನಿ ಮುಚ್ಚಿಹೋದರೂ ಫೈಲನ್ನು ಓದಬಹುದು.

ಕನ್ನಡಕ್ಕೆ ಮಾತ್ರ ಒಂದು ತೊಡಕಿತ್ತು. ಗುಮಾಸ್ತರು ಟೈಪು ಮಾಡುತ್ತಿದ್ದುದು ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿ. ಅಲ್ಲಿ ಫೈಲಿನೊಳಗೆ ಕೂರುವುದು ಕನ್ನಡದ ಅಕ್ಷರವಲ್ಲ, ಅಕ್ಷರದ ಆಕಾರದ ತುಂಡುಗಳು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಹೆಸರುಗಳೆಲ್ಲ ರೋಮನ್ ಲಿಪಿಯ ಚಿತ್ರವಿಚಿತ್ರ ಗೊಂಚಲುಗಳಾಗಿ ಕಾಣುತ್ತಿದ್ದವು. 2011ರ ದೀಪಾವಳಿಗೆ ಊರಿಗೆ ಬಂದ ತಂಗಿಯ ಮಗಳು ಇದನ್ನು ನೋಡಿದಳು. ಇಂಜಿನಿಯರಿಂಗ್ ಎರಡನೆಯ ವರ್ಷ. ಮನೆಯಲ್ಲಿ ಎಲ್ಲರಿಗೂ ಪುಟ್ಟಿ.

‘ಮಾವ, ಇದನ್ನು ಯೂನಿಕೋಡ್‌ಗೆ ಬದಲಾಯಿಸಿಬಿಡೋಣ. ಆಗ ಎಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಕಾಣ್ತದೆ. ನಾನೇ ಪ್ರೋಗ್ರಾಮ್ ಬರೀತೇನೆ.’

‘ಬರಿ. ಆದರೆ ನನ್ನ ಫೈಲಿಗೆ ಕೈ ಹಾಕಬೇಡ. ಪ್ರತಿ ಮಾಡಿಕೊಂಡು ಅದರ ಮೇಲೆ ಏನು ಬೇಕಾದರೂ ಮಾಡು.’

ಎರಡು ದಿನ ಪಟಾಕಿಯನ್ನೂ ಮರೆತು ಕುಳಿತು ಅವಳು ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆದಳು. ಅದು ಹಳೆಯ ಫೈಲಿನಿಂದ ಒಂದು ಸಾಲು ಓದಿ, ಯೂನಿಕೋಡ್‌ಗೆ ಬದಲಿಸಿ, ಹೊಸ ಫೈಲನ್ನು ತೆರೆದು, ಅದರ ಕೊನೆಗೆ ಸಾಲನ್ನು ಸೇರಿಸಿ, ಫೈಲನ್ನು ಮುಚ್ಚುತ್ತಿತ್ತು. ಆಮೇಲೆ ಮುಂದಿನ ಸಾಲು. ಸುಮಾರು ಹನ್ನೆರಡು ಸಾವಿರ ಸಾಲುಗಳಿದ್ದವು. ಶಾಲೆಯ ಕಂಪ್ಯೂಟರಿನಲ್ಲಿ ಅದನ್ನು ಓಡಿಸಿದಾಗ ಡಿಸ್ಕಿನ ದೀಪ ಮಿಣಮಿಣ ಎನ್ನುತ್ತಾ, ಒಳಗಿನಿಂದ ಇಲಿ ಕೆರೆದಂಥ ಸದ್ದು ಬರುತ್ತಾ, ಹನ್ನೆರಡು ನಿಮಿಷ ಹಿಡಿಯಿತು. ಗುಮಾಸ್ತರಿಗೆ ಅದೇ ದೊಡ್ಡ ಸೋಜಿಗ. ಮೂರು ವರ್ಷದ ಕೆಲಸ ಹನ್ನೆರಡು ನಿಮಿಷದಲ್ಲಿ ಲಿಪ್ಯಂತರ! ಪುಟ್ಟಿಗೆ ಮಾತ್ರ ಅವಮಾನ. ಇಷ್ಟು ಚಿಕ್ಕ ಫೈಲಿಗೆ ಒಂದು ಸೆಕೆಂಡು ಸಾಕಾಗಬೇಕಿತ್ತು.

ತಪ್ಪು ಎಲ್ಲಿ? ಬಚ್ಚಲ ಹಂಡೆ ತುಂಬಿಸಬೇಕು ಎಂದುಕೊಳ್ಳಿ. ಬಾವಿ ಹಿತ್ತಲ ಕೊನೆಯಲ್ಲಿದೆ. ಲೋಟ ಹಿಡಿದುಕೊಂಡು ಹೋಗಿ, ಬಾವಿಯ ಮುಚ್ಚಳ ತೆಗೆದು, ಒಂದು ಲೋಟ ಸೇದಿ, ಮುಚ್ಚಳ ಹಾಕಿ, ಬಂದು ಹಂಡೆಗೆ ಸುರಿದು, ಮತ್ತೆ ಹೋಗುವವರನ್ನು ಯಾರೂ ಕಂಡಿಲ್ಲ. ಎಲ್ಲರೂ ಒಯ್ಯುವುದು ಕೊಡವನ್ನೇ. ಆದರೆ ಪ್ರೋಗ್ರಾಮ್ ಬರೆಯಲು ಕುಳಿತವರು ಲೋಟ ಹಿಡಿದು ಹೊರಡುವುದು ಬಹಳ ಸಾಮಾನ್ಯ. ಹಿತ್ತಲು ಎಷ್ಟು ಉದ್ದ ಎಂಬುದು ಅವರಿಗೆ ಕಾಣಿಸುವುದಿಲ್ಲ.

ಎಷ್ಟು ಉದ್ದ ಎಂದು ಲೆಕ್ಕ ಹಾಕಿಯೇ ನೋಡಬಹುದು. ಆ ಕಾಲದ ಸಾಧಾರಣ ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಜಾಗ ಸೂಜಿಯ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು ಸುಮಾರು 4 ಮಿಲಿಸೆಕೆಂಡು. ಅದಕ್ಕೂ ಮೊದಲು ಸೂಜಿಯ ತೋಳು ಸರಿಯಾದ ವೃತ್ತಕ್ಕೆ ಸರಿಯಬೇಕು, ಅದಕ್ಕೆ ಇನ್ನೊಂದು 8 ಮಿಲಿಸೆಕೆಂಡು. ಒಟ್ಟು 12. ಕಂಪ್ಯೂಟರಿನ ಮೆಮೊರಿಯಿಂದ ಒಂದು ಅಂಶವನ್ನು ತರಲು ಬೇಕಾಗುವುದಾದರೋ ಸುಮಾರು 100 ನ್ಯಾನೊಸೆಕೆಂಡು. ಭಾಗಿಸಿದರೆ ಒಂದಕ್ಕೆ ಒಂದು ಲಕ್ಷದ ಇಪ್ಪತ್ತು ಸಾವಿರ. ಮೆಮೊರಿಗೆ ಹೋಗಿ ಬರುವುದಕ್ಕೆ ಒಂದು ಸೆಕೆಂಡು ಎಂದು ಇಟ್ಟುಕೊಂಡರೆ, ಡಿಸ್ಕಿಗೆ ಹೋಗಿ ಬರುವುದಕ್ಕೆ 33 ಗಂಟೆ! ಈಗಿನ ಎಸ್‌ಎಸ್‌ಡಿಗಳಲ್ಲಿ ತಿರುಗುವ ತಟ್ಟೆಯಿಲ್ಲ, ಹಿತ್ತಲು ಬಹಳ ಕಿರಿದಾಗಿದೆ. ಆದರೂ ಅಂಗೈಗೂ ಅಂಗಳಕ್ಕೂ ಇರುವ ಅಂತರ ಪೂರ್ತಿ ಹೋಗಿಲ್ಲ. ಇದಲ್ಲದೆ ಪ್ರತಿ ಸಲ ಫೈಲು ತೆರೆಯುವಾಗ ಹೆಸರು ಹುಡುಕುವುದು, ಅನುಮತಿ ನೋಡುವುದು, ಶಾಲೆಯ ಕಂಪ್ಯೂಟರಿನಲ್ಲಾದರೆ ವೈರಸ್ ಕಾವಲುಗಾರನ ತಪಾಸಣೆ ಬೇರೆ. ಪುಟ್ಟಿಯ ಪ್ರೋಗ್ರಾಮ್ ಇದನ್ನೆಲ್ಲ ಹನ್ನೆರಡು ಸಾವಿರ ಸಲ ಮಾಡಿಸುತ್ತಿತ್ತು.

ಕೊಡಕ್ಕೆ ಕಂಪ್ಯೂಟರಿನವರು ಇಟ್ಟ ಹೆಸರು ಬಫರ್. ಮೆಮೊರಿಯಲ್ಲಿ ಮೀಸಲಿಟ್ಟ ಒಂದಿಷ್ಟು ಜಾಗ. ಸಿ ಭಾಷೆಯಲ್ಲಿ ಫೈಲನ್ನು ಒಂದೇ ಸಲ ತೆರೆದು ಬರೆಯುತ್ತಾ ಹೋದರೆ, ಭಾಷೆಯ ಜೊತೆ ಬರುವ ಗ್ರಂಥಾಲಯವೇ ಸಾಲುಗಳನ್ನು ಬಫರಿನಲ್ಲಿ ಕೂಡಿಹಾಕಿ, ಅದು ತುಂಬಿದಾಗ ಮಾತ್ರ ಆಚೆ ಕಳಿಸುತ್ತದೆ. ಜಾವಾ ಭಾಷೆಯ ‘ಬಫರ್ಡ್ ರೀಡರ್’ ಒಮ್ಮೆಗೆ 8,192 ಅಕ್ಷರ ತಂದಿಟ್ಟುಕೊಳ್ಳುತ್ತದೆ. ಬೇರೆ ಭಾಷೆಗಳಲ್ಲೂ 4,096, 8,192 ಎಂಬ ಸಂಖ್ಯೆಗಳು ಮತ್ತೆ ಮತ್ತೆ ಕಾಣುತ್ತವೆ. ಎರಡೂ ಎರಡರ ಘಾತಗಳು ಎಂಬುದನ್ನು ಗಣಿತ ಬಲ್ಲವರು ಗಮನಿಸಿಯಾರು. ಪುಟ್ಟಿ ಮಾಡಬೇಕಾಗಿದ್ದುದು ಇಷ್ಟೇ: ತೆರೆಯುವ ಸಾಲನ್ನು ಸುತ್ತಿನಿಂದ ಹೊರಗೆ ತಂದು ಮೇಲಿಡುವುದು, ಮುಚ್ಚುವ ಸಾಲನ್ನು ಹೊರಗೆ ತಂದು ಕೆಳಗಿಡುವುದು.

ಅವಳು ಅಷ್ಟಕ್ಕೇ ನಿಲ್ಲಲಿಲ್ಲ. ಜಾಣರ ತೊಂದರೆಯೇ ಅದು. ಎಲ್ಲ ಸಾಲುಗಳನ್ನೂ ಮೆಮೊರಿಯಲ್ಲಿ ಒಂದೇ ಉದ್ದನೆಯ ಪದದಂತೆ ಒಂದಕ್ಕೊಂದು ಅಂಟಿಸಿ, ಕೊನೆಗೆ ಒಂದೇ ಸಲ ಬರೆಯುವಂತೆ ಮಾಡಿದಳು. ಹನ್ನೆರಡು ನಿಮಿಷ ಹನ್ನೆರಡು ಸೆಕೆಂಡಿಗೆ ಇಳಿಯಿತೇನೋ ನಿಜ. ಆದರೆ ಪ್ರೋಗ್ರಾಮ್ ಮೊದಲು ಚುರುಕಾಗಿ ಓಡಿ, ಬರಬರುತ್ತಾ ಏದುಸಿರು ಬಿಡುತ್ತಿತ್ತು. ಸಿ ಭಾಷೆಯಲ್ಲಿ ಪದವೊಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸುವ ಆಜ್ಞೆಗೆ ಬಾಲ ಎಲ್ಲಿದೆ ಎಂದು ಗೊತ್ತಿರುವುದಿಲ್ಲ. ಪ್ರತಿ ಸಲವೂ ತಲೆಯಿಂದ ನಡೆದುಕೊಂಡು ಬರುತ್ತದೆ. ರಿಜಿಸ್ಟರಿನಲ್ಲಿ ಹೊಸ ಹೆಸರು ಬರೆಯುವ ಮುನ್ನ ಪ್ರತಿ ಬಾರಿ ಮೊದಲ ಪುಟದಿಂದ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಖಾಲಿ ಸಾಲು ಹುಡುಕಿದಂತೆ. ಒಂದು ಸಾಲಿಗೆ 150 ಬೈಟ್ ಎಂದರೆ, ಒಂದರಿಂದ ಹನ್ನೆರಡು ಸಾವಿರದವರೆಗಿನ ಸಂಖ್ಯೆಗಳ ಮೊತ್ತವನ್ನು 150ರಿಂದ ಗುಣಿಸಬೇಕು. ಎಂಟನೆಯ ತರಗತಿಯ ಸೂತ್ರ ಹಾಕಿದರೆ ಮೊತ್ತ 7,20,06,000. ಗುಣಿಸಿದಾಗ 1,080 ಕೋಟಿಗೂ ಮಿಗಿಲು. ಫೈಲಿನ ನಿಜವಾದ ಗಾತ್ರ ಹದಿನೆಂಟು ಲಕ್ಷ ಬೈಟ್ ಅಷ್ಟೆ! ಗುಮಾಸ್ತರು ಇದನ್ನು ಕೇಳಿ, ‘ರಿಜಿಸ್ಟರಿಗೆ ದಾರ ಯಾಕೆ ಇಡ್ತಾರೆ ಮತ್ತೆ?’ ಎಂದರಂತೆ. ಪುಟ್ಟಿ ದಾರ ಇಟ್ಟಳು. ಅಂದರೆ ಕೊನೆ ಎಲ್ಲಿದೆ ಎಂಬುದನ್ನು ಒಂದು ಸಂಖ್ಯೆಯಲ್ಲಿ ನೆನಪಿಟ್ಟುಕೊಂಡಳು. ಕೆಲಸ ಒಂದು ಸೆಕೆಂಡಿನೊಳಗೆ ಬಂತು.

ಈ ನಡುವೆ ಒಂದು ತಮಾಷೆಯೂ ಆಯಿತು. ಅವಳ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇತ್ತು. ಅಲ್ಲಿ ತಯಾರಿಸಿದ ಫೈಲನ್ನು ಶಾಲೆಯ ನೋಟ್‌ಪ್ಯಾಡಿನಲ್ಲಿ ತೆರೆದರೆ ಹನ್ನೆರಡು ಸಾವಿರ ವಿದ್ಯಾರ್ಥಿಗಳೂ ಒಂದೇ ಸಾಲಿನಲ್ಲಿ ರೈಲುಗಾಡಿಯಂತೆ ನಿಂತಿದ್ದರು. ಲಿನಕ್ಸ್ ಸಾಲಿನ ಕೊನೆಗೆ ಒಂದು ಗುರುತು ಇಡುತ್ತದೆ, ವಿಂಡೋಸ್ ಎರಡು. ಈ ಎರಡು ಬಂದದ್ದು ಹಳೆಯ ಟೆಲಿಟೈಪ್ ಯಂತ್ರಗಳಿಂದ. ಗಾಡಿಯನ್ನು ಎಡಕ್ಕೆ ಮರಳಿಸಲು ಒಂದು ಸಂಕೇತ, ಕಾಗದವನ್ನು ಒಂದು ಸಾಲು ಮೇಲಕ್ಕೆ ಸರಿಸಲು ಇನ್ನೊಂದು. ಟೈಪ್‌ರೈಟರ್ ಬಡಿದು ಬೆರಳು ಗಟ್ಟಿಯಾಗಿದ್ದ ಗುಮಾಸ್ತರಿಗೆ ಇದನ್ನು ವಿವರಿಸಬೇಕಾಗಲೇ ಇಲ್ಲ. ಸನ್ನೆ ತಳ್ಳುವಂತೆ ಗಾಳಿಯಲ್ಲಿ ಎಡಗೈ ಆಡಿಸಿ ತೋರಿಸಿದರು. ನೋಟ್‌ಪ್ಯಾಡ್ ಒಂದೇ ಗುರುತನ್ನು ಒಪ್ಪಿಕೊಳ್ಳಲು ಕಲಿತದ್ದು 2018ರಲ್ಲಿ.

ಸಂಕ್ರಾಂತಿಗೆ ಬಂದಾಗ ಹುಡುಕುವ ಪ್ರೋಗ್ರಾಮ್ ಬಂತು. ಹೆಸರು ಕೊಟ್ಟರೆ ಸಾಲು ತೋರಿಸಬೇಕು. ಪುಟ್ಟಿಗೆ ಈಗ ಕೊಡದ ರುಚಿ ಹತ್ತಿತ್ತು. ಗ್ರಂಥಾಲಯದ ಬಫರನ್ನು ನಂಬದೆ, ಫೈಲನ್ನು ತಾನೇ 4,096 ಬೈಟುಗಳ ಕಟ್ಟುಗಳಾಗಿ ಎಳೆದುಕೊಂಡು, ಪ್ರತಿ ಕಟ್ಟಿನಲ್ಲೂ ಹೆಸರು ಹುಡುಕಿ, ಕಟ್ಟನ್ನು ಎಸೆದು, ಮುಂದಿನದನ್ನು ತರುವಂತೆ ಬರೆದಳು. ಕಣ್ಣು ಮಿಟುಕಿಸುವುದರೊಳಗೆ ಉತ್ತರ. ಒಂದು ತಿಂಗಳು ಎಲ್ಲವೂ ಸೊಗಸಾಗಿತ್ತು.

ಫೆಬ್ರವರಿಯಲ್ಲಿ ದೂರದ ಹಳ್ಳಿಯಿಂದ ಒಬ್ಬ ಮುದುಕರು ಬಂದರು. ವೃದ್ಧಾಪ್ಯ ವೇತನಕ್ಕೆ ವಯಸ್ಸಿನ ದಾಖಲೆ ಬೇಕಿತ್ತು. ಗುಮಾಸ್ತರು ಹೆಸರು ಒತ್ತಿದರು. ‘ಇಲ್ಲ’ ಎಂದಿತು ಕಂಪ್ಯೂಟರು. ಮತ್ತೊಮ್ಮೆ ಒತ್ತಿದರು, ಇಲ್ಲ. ಬೇರೆಯವರಾಗಿದ್ದರೆ ‘ಇಲ್ಲವಂತೆ ಕಣಯ್ಯ’ ಎಂದು ಕಳಿಸಿಬಿಡುತ್ತಿದ್ದರು. ಕಂಪ್ಯೂಟರ್ ಹೇಳಿದ ಮೇಲೆ ಮುಗಿಯಿತಲ್ಲ! ಮುದುಕರೂ ಎದ್ದು ಕೊಡೆ ತೆಗೆದುಕೊಂಡಿದ್ದರು. ಆದರೆ ಆ ಹೆಸರನ್ನು ಟೈಪು ಮಾಡಿದ್ದು ಗುಮಾಸ್ತರಿಗೆ ನೆನಪಿತ್ತು. ತಂದೆಯ ಹೆಸರಿನ ಒತ್ತಕ್ಷರ ಸರಿಯಾಗಿ ಬರದೆ ಎರಡು ಸಲ ಅಳಿಸಿ ಬರೆದ ಸಾಲು ಅದು. ‘ಕೂತ್ಕೊಳ್ಳಿ ಯಜಮಾನ್ರೆ’ ಎಂದು ಫೈಲನ್ನೇ ತೆರೆದು, ಕೆಳಕ್ಕೆ ಉರುಳಿಸುತ್ತಾ ಹೋದರು. ಮುಕ್ಕಾಲು ಗಂಟೆಯ ಮೇಲೆ ಸಿಕ್ಕಿತು. ಅಚ್ಚುಕಟ್ಟಾಗಿ, ಇರಬೇಕಾದ ಜಾಗದಲ್ಲೇ ಇತ್ತು.

ಕಾರಣ ತಿಳಿಯಲು ಕನ್ನಡದ ಅಕ್ಷರ ಫೈಲಿನಲ್ಲಿ ಹೇಗೆ ಕೂರುತ್ತದೆ ಎಂದು ನೋಡಬೇಕು. ಯೂನಿಕೋಡ್‌ನ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ‘ಕ’ ಎಂದರೆ 224, 178, 149 ಎಂಬ ಮೂರು ಸಂಖ್ಯೆಗಳು. ‘ಕನ್ನಡ’ ಎಂಬ ಪದದಲ್ಲಿ ಕ, ನ, ವಿರಾಮ ಚಿಹ್ನೆ, ಮತ್ತೆ ನ, ಡ ಹೀಗೆ ಐದು ಸಂಕೇತ, ಹದಿನೈದು ಬೈಟ್. 4,096 ಮೂರರಿಂದ ನಿಶ್ಶೇಷವಾಗಿ ಭಾಗವಾಗುವುದಿಲ್ಲ, ಒಂದು ಉಳಿಯುತ್ತದೆ. ಬರೀ ಕನ್ನಡ ತುಂಬಿದ ಫೈಲಾದರೆ 1,365 ಸಂಕೇತ ಪೂರ್ತಿ ಬಂದು, ಮುಂದಿನದರ ಕುತ್ತಿಗೆಯ ಮೇಲೆ ಕತ್ತಿ ಬೀಳುತ್ತದೆ. ಹದಿನೆಂಟು ಲಕ್ಷ ಬೈಟಿನ ಫೈಲಿನಲ್ಲಿ ಇಂಥ ಕತ್ತರಿ 439 ಕಡೆ. ಮುದುಕರ ಹೆಸರಿನ ಮೊದಲರ್ಧ ಒಂದು ಕಟ್ಟಿನಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಸಿಕ್ಕಿಹಾಕಿಕೊಂಡಿತ್ತು. ಎರಡರಲ್ಲಿ ಯಾವುದರಲ್ಲೂ ಅವರು ಪೂರ್ತಿಯಾಗಿ ಇರಲಿಲ್ಲ.

ಯುಟಿಎಫ್-8 ಮಾಡಿದವರೂ ಅದೇ ಕೆನ್ ಥಾಂಪ್ಸನ್, ಜೊತೆಗೆ ರಾಬ್ ಪೈಕ್. 1992ರ ಸೆಪ್ಟೆಂಬರಿನ ಒಂದು ರಾತ್ರಿ ನ್ಯೂಜೆರ್ಸಿಯ ಊಟದ ಹೋಟೆಲಿನಲ್ಲಿ ಮೇಜಿನ ಮೇಲಿನ ಕಾಗದದ ಮೇಲೆ ಥಾಂಪ್ಸನ್ ಅದರ ರಚನೆಯನ್ನು ಗೀಚಿದರೆಂದು ಪೈಕ್ ಬರೆದಿದ್ದಾರೆ. ಆ ಗೀಚಿನಲ್ಲಿ ಇಂಥ ಕತ್ತರಿಗೂ ಮದ್ದಿತ್ತು. ಅಕ್ಷರವೊಂದರ ಎರಡನೆಯ, ಮೂರನೆಯ ಬೈಟುಗಳು ಯಾವಾಗಲೂ 128ರಿಂದ 191ರ ಒಳಗೇ ಇರುತ್ತವೆ, ಮೊದಲ ಬೈಟ್ ಆ ವ್ಯಾಪ್ತಿಗೆ ಎಂದೂ ಬರುವುದಿಲ್ಲ. ಎಲ್ಲಿ ತುಂಡಾದರೂ ಒಂದೆರಡು ಹೆಜ್ಜೆ ಹಿಂದೆ ಸರಿದರೆ ಅಕ್ಷರದ ತಲೆ ಸಿಗುತ್ತದೆ. ಸಾಲು ಮುಗಿಯುವ ಗುರುತಾದ 10 ಎಂಬ ಬೈಟಂತೂ ಬೇರಾವ ಅಕ್ಷರದ ಹೊಟ್ಟೆಯಲ್ಲೂ ಅಡಗಿರುವುದಿಲ್ಲ. ಆದ್ದರಿಂದ ಕಟ್ಟಿನಲ್ಲಿ ಕೊನೆಯ ಪೂರ್ಣ ಸಾಲಿನವರೆಗೆ ಹುಡುಕಿ, ಉಳಿದ ತುಂಡನ್ನು ಮುಂದಿನ ಕಟ್ಟಿನ ತಲೆಗೆ ಜೋಡಿಸಿಕೊಂಡರೆ ಆಯಿತು. ಇನ್ನೂ ಸುಲಭದ ದಾರಿಯೆಂದರೆ ಒಂದೊಂದೇ ಸಾಲು ಕೊಡು ಎಂದು ಗ್ರಂಥಾಲಯವನ್ನೇ ಕೇಳುವುದು. ಒಳಗೊಳಗೆ ಅದು ಕೊಡದಲ್ಲೇ ಸೇದಿ, ಹೊರಗೆ ಲೋಟದಲ್ಲಿ ಕೊಡುತ್ತದೆ. ಪುಟ್ಟಿ ಕಷ್ಟಪಟ್ಟು ಮಾಡಿದ್ದನ್ನು ಅದು ಮೊದಲಿನಿಂದಲೂ ಮಾಡುತ್ತಿತ್ತು. ಅವಳು ತನ್ನ ನಲವತ್ತು ಸಾಲಿನ ಪ್ರೋಗ್ರಾಮನ್ನು ಒಂಬತ್ತು ಸಾಲಿಗೆ ಇಳಿಸಿದಳು. ವೇಗದಲ್ಲಿ ಗುಮಾಸ್ತರಿಗೆ ವ್ಯತ್ಯಾಸವೇ ತಿಳಿಯಲಿಲ್ಲ.

ಯುಗಾದಿಯ ಹೊತ್ತಿಗೆ ಉಳಿದಿದ್ದುದು ಎಲ್ಲಕ್ಕಿಂತ ಹಳೆಯ ರಿಜಿಸ್ಟರು, 1958ರದು. ಗೆದ್ದಲು ಹೆಚ್ಚು ತಿಂದದ್ದು ಅದನ್ನೇ. ಪುಟ ಮಗುಚಿದರೆ ಅಂಚು ಉದುರುತ್ತಿತ್ತು. ಹಗಲಿನ ಬೆಳಕಿನಲ್ಲಿ, ವಿಜ್ಞಾನದ ಪ್ರಯೋಗಾಲಯದಿಂದ ತಂದ ಭೂತಗನ್ನಡಿ ಹಿಡಿದು ಓದಬೇಕಾದ್ದರಿಂದ ಬೇಸಗೆ ರಜೆಗೆಂದೇ ಕೊನೆಗೆ ಇಟ್ಟುಕೊಂಡಿದ್ದರು. ಪುಟ್ಟಿ ಅವರಿಗೆಂದು ಹೊಸ ಪ್ರೋಗ್ರಾಮ್ ಬರೆದುಕೊಟ್ಟಳು. ಅದು ತೆರೆದ ಕೂಡಲೇ ಇಡೀ ಫೈಲನ್ನು ಮೆಮೊರಿಗೆ ಓದಿಕೊಳ್ಳುತ್ತದೆ. ಹದಿನೆಂಟು ಲಕ್ಷ ಬೈಟ್ ಯಾವ ಕಂಪ್ಯೂಟರಿಗೂ ಭಾರವಲ್ಲ. ಹೊಸ ಹೆಸರುಗಳನ್ನು ತಕ್ಕ ಕ್ರಮಸಂಖ್ಯೆಯ ಜಾಗಕ್ಕೆ ಸೇರಿಸುತ್ತದೆ. ಸಂಜೆ ಮುಚ್ಚುವಾಗ ಎಲ್ಲವನ್ನೂ ಒಂದೇ ಉಸಿರಿಗೆ ಫೈಲಿಗೆ ಬರೆಯುತ್ತದೆ. ದಿನಕ್ಕೆ ಒಂದೇ ಸಲ ಬಾವಿಗೆ! ಹೊರಡುವ ಮುನ್ನ ಅದುವರೆಗಿನ ಫೈಲನ್ನು ಒಂದು ಸಿ.ಡಿ.ಗೆ ಹಾಕಿಟ್ಟು ಹೋದಳು.

ಆ ಪ್ರೋಗ್ರಾಮಿನಲ್ಲಿ ಓದುವ ಕೆಲಸ ಮುಗಿದ ಮರುಕ್ಷಣವೇ, ಸಂಜೆಯ ಬರವಣಿಗೆಗೆ ಸಿದ್ಧವಾಗಿರಲಿ ಎಂದು, ಅದೇ ಫೈಲನ್ನು ಬರೆಯುವುದಕ್ಕಾಗಿ ತೆರೆಯುವ ಒಂದು ಸಾಲಿತ್ತು. ಸಿ ಭಾಷೆಯಲ್ಲಿ ಬರೆಯುವುದಕ್ಕೆ ತೆರೆ ಎಂದರೆ ಇದ್ದುದನ್ನು ಅಳಿಸಿ ತೆರೆ ಎಂದೇ ಅರ್ಥ. ತೆರೆದ ಗಳಿಗೆಯಲ್ಲೇ ಫೈಲು ಬರಿದಾಗುತ್ತದೆ. ಹೀಗೆ ಏಪ್ರಿಲ್, ಮೇ ಎರಡು ತಿಂಗಳು ಪ್ರತಿದಿನ ಬೆಳಗಿನಿಂದ ಸಂಜೆಯವರೆಗೆ ಆ ಶಾಲೆಯ ದಾಖಲೆ ಡಿಸ್ಕಿನಲ್ಲಿ ಇರಲಿಲ್ಲ. ಮೆಮೊರಿಯಲ್ಲಿ ಮಾತ್ರ ಇತ್ತು. ಸಂಜೆ ಮುಚ್ಚಿದಾಗ ಮತ್ತೆ ಮನೆ ಸೇರುತ್ತಿತ್ತು. ಯಾರಿಗೂ ತಿಳಿಯಲಿಲ್ಲ. ಮೇ ಕೊನೆಯಲ್ಲಿ ಯು.ಪಿ.ಎಸ್.ನ ಬ್ಯಾಟರಿ ಸತ್ತಿತು. ಹೊಸದಕ್ಕೆ ಬರೆದ ಪತ್ರ ಯಾವುದೋ ಮೇಜಿನ ಮೇಲಿತ್ತು.

2012ರ ಜೂನ್. ಮುಂಗಾರಿನ ಮೊದಲ ವಾರ. ಮಧ್ಯಾಹ್ನ ಮೂರು ಗಂಟೆಗೆ ಗುಡುಗಿತು, ಕರೆಂಟು ಹೋಯಿತು. ಮಲೆನಾಡಿನಲ್ಲಿ ಇದೇನು ಸುದ್ದಿಯಲ್ಲ. ಮರುದಿನ ಕರೆಂಟು ಬಂದ ಮೇಲೆ ಗುಮಾಸ್ತರು ಕಂಪ್ಯೂಟರ್ ಹಾಕಿದರು. ಆಮೇಲೆ ಶಾಲೆಯ ಫೋನಿನಿಂದ ಪುಟ್ಟಿಯ ಹಾಸ್ಟೆಲಿಗೆ ಕರೆ ಹೋಯಿತು.

‘ಪುಟ್ಟೀ, ಫೈಲು ಇದೆ. ಒಳಗೆ ಏನೂ ಇಲ್ಲ.’

‘ಎಷ್ಟು ಬೈಟ್ ತೋರಿಸ್ತದೆ ಮಾವ?’

‘ಸೊನ್ನೆ.’

ಹುಡುಗಿಯ ಅನನುಭವ ಎಂದು ತಳ್ಳಿಹಾಕುವುದು ಸುಲಭ. ಆದರೆ ಇದೇ ಸೊನ್ನೆಯನ್ನು 2009ರಲ್ಲಿ ಪಳಗಿದ ಲಿನಕ್ಸ್ ಬಳಕೆದಾರರೂ ಕಂಡಿದ್ದರು. ಇಎಕ್ಸ್‌ಟಿ4 ಎಂಬ ಹೊಸ ಕಡತ ವ್ಯವಸ್ಥೆ ಆಗಷ್ಟೇ ಬಳಕೆಗೆ ಬರುತ್ತಿತ್ತು. ವೇಗ ಹೆಚ್ಚಿಸಲೆಂದು ಅದು ಬರೆದುದನ್ನು ಡಿಸ್ಕಿನ ಯಾವ ಜಾಗಕ್ಕೆ ಹಾಕಬೇಕೆಂಬ ನಿರ್ಧಾರವನ್ನೇ ಮುಂದೂಡುತ್ತಿತ್ತು. ಕಂಪ್ಯೂಟರ್ ಆ ನಡುವೆ ಕುಸಿದರೆ, ಆಗಷ್ಟೇ ಉಳಿಸಿದ್ದ ಫೈಲುಗಳು ಸೊನ್ನೆ ಉದ್ದದವಾಗಿ ಉಳಿಯುತ್ತಿದ್ದವು. ಆ ವ್ಯವಸ್ಥೆಯ ಮುಖ್ಯ ನಿರ್ಮಾಪಕ ಥಿಯೊಡೋರ್ ತ್ಸೋ, ಬರೆದದ್ದು ಡಿಸ್ಕಿಗೆ ತಲುಪಿತೇ ಎಂದು ಪ್ರೋಗ್ರಾಮುಗಳು ಖಚಿತಪಡಿಸಿಕೊಳ್ಳಬೇಕಿತ್ತು ಎಂದು ವಾದಿಸಿದರು. ವಾದವೇನೋ ನಿಯಮದ ಪ್ರಕಾರ ಸರಿ. ಆದರೂ ಜನರ ಅಭ್ಯಾಸಕ್ಕೆ ಹೊಂದುವಂತೆ ವ್ಯವಸ್ಥೆಯನ್ನೂ ತಿದ್ದಿದರು.

ಬರೆಯುವುದು ಎಂಬ ಮಾತಿಗೇ ಇಲ್ಲಿ ಮೋಸವಿದೆ. ಪೆನ್ನಿನಲ್ಲಿ ಬರೆದರೆ ಶಾಯಿ ಕಾಗದದ ಮೇಲಿರುತ್ತದೆ. ಪ್ರೋಗ್ರಾಮ್ ಬರೆದೆ ಎಂದಾಗ ಅಕ್ಷರ ಅದರ ಬಫರಿನಲ್ಲಿರುತ್ತದೆ. ಬಫರ್ ಖಾಲಿ ಮಾಡು ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ಮೆಮೊರಿಗೆ ಹೋಗುತ್ತದೆ. ಡಿಸ್ಕಿಗೆ ಇಳಿಸು ಎಂದು ಬೇರೆಯಾಗಿ ಹೇಳಿದರೆ ಮಾತ್ರ ಡಿಸ್ಕಿನತ್ತ ಹೊರಡುತ್ತದೆ, ಅಲ್ಲಿಯೂ ಡಿಸ್ಕಿನದೇ ಒಂದು ಪುಟ್ಟ ಬಫರ್ ಇರುತ್ತದೆ. ಕೊಡದಿಂದ ಹಂಡೆಗೆ, ಹಂಡೆಯಿಂದ ತೊಟ್ಟಿಗೆ. ಕೊಡ ದೊಡ್ಡದಾದಷ್ಟೂ ಓಡಾಟ ಕಡಿಮೆ, ಎಡವಿದರೆ ಚೆಲ್ಲುವುದು ಹೆಚ್ಚು. ಹಳೆಯ ಯುನಿಕ್ಸ್ ಯಂತ್ರ ನೋಡಿಕೊಳ್ಳುತ್ತಿದ್ದವರು ಯಂತ್ರ ಆರಿಸುವ ಮುನ್ನ, ಎಲ್ಲವನ್ನೂ ಡಿಸ್ಕಿಗೆ ಇಳಿಸುವ ‘ಸಿಂಕ್’ ಎಂಬ ಆಜ್ಞೆಯನ್ನು ಮೂರು ಸಲ ಟೈಪು ಮಾಡುತ್ತಿದ್ದರು. ಒಂದೇ ಸಾಕು. ಉಳಿದೆರಡು ಟೈಪು ಮಾಡುವಷ್ಟರಲ್ಲಿ ಮೊದಲನೆಯದು ಮುಗಿದಿರಲಿ ಎಂದು.

ಪುಟ್ಟಿ ಪರೀಕ್ಷೆಯ ನಡುವೆಯೇ ಒಂದು ಭಾನುವಾರ ರಾತ್ರಿ ಬಸ್ಸು ಹತ್ತಿ ಬಂದಳು. ಮಾವ ಬೈಯಲಿಲ್ಲ. ಬೀರುವಿನಿಂದ ಎರಡು ರಿಜಿಸ್ಟರು ತೆಗೆದು ತೋರಿಸಿದರು. ಹಳೆಯದು ಹಾಳಾಗಿ ಹೊಸದಕ್ಕೆ ನಕಲು ಮಾಡಿದ್ದು, ಎಂದೋ ಹಿಂದಿನ ಗುಮಾಸ್ತರು. ‘ನೋಡು, ಹೊಸದು ಪೂರ್ತಿ ಬರೆದು, ಹೆಡ್‌ಮಾಸ್ತರರು ತಾಳೆ ನೋಡಿ ರುಜು ಹಾಕುವ ತನಕ ಮೇಲೆ ಹೆಸರಿನ ಚೀಟಿ ಅಂಟಿಸುವುದಿಲ್ಲ. ಅಲ್ಲಿಯವರೆಗೆ ಹಳೆಯದೇ ರಿಜಿಸ್ಟರು.’

ಪ್ರೋಗ್ರಾಮ್ ಬರೆಯುವವರ ಪದ್ಧತಿಯೂ ಅಕ್ಷರಶಃ ಇದೇ. ಇರುವ ಫೈಲನ್ನು ಮುಟ್ಟದೆ ಪಕ್ಕದಲ್ಲಿ ಬೇರೆ ಹೆಸರಿನ ಹೊಸ ಫೈಲಿಗೆ ಎಲ್ಲವನ್ನೂ ಬರೆಯುವುದು, ಡಿಸ್ಕಿಗೆ ಇಳಿಸುವುದು, ಆಮೇಲೆ ಹೊಸದಕ್ಕೆ ಹಳೆಯದರ ಹೆಸರು ಕೊಡುವುದು. ಯುನಿಕ್ಸ್ ಸಂಪ್ರದಾಯದ ವ್ಯವಸ್ಥೆಗಳಲ್ಲಿ ಈ ಹೆಸರು ಬದಲಾವಣೆ ಒಂದೇ ಏಟಿಗೆ ಆಗುತ್ತದೆ. ಓದುವವರಿಗೆ ಹಳೆಯದು ಪೂರ್ತಿ ಕಾಣುತ್ತದೆ, ಇಲ್ಲವೆ ಹೊಸದು ಪೂರ್ತಿ. ವಿಂಡೋಸ್‌ನಲ್ಲಿ ಅದೇ ಹೆಸರಿನ ಫೈಲು ಇದ್ದರೆ ಸಿ ಭಾಷೆಯ ಸಾಮಾನ್ಯ ಆಜ್ಞೆ ನಿರಾಕರಿಸುತ್ತದೆ, ಅದಕ್ಕೆ ಬೇರೆ ಆಜ್ಞೆಯಿದೆ. ಪುಟ್ಟಿ ಅದನ್ನು ಹುಡುಕಿ ಹಾಕಿದಳು. ಪ್ರತಿ ಹತ್ತು ಹೆಸರಿಗೊಮ್ಮೆ ಹೀಗೆ ಉಳಿಸುವಂತೆ ಮಾಡಿದಳು. ಪ್ರೋಗ್ರಾಮ್ ಹತ್ತು ಹೆಸರಿಗೊಮ್ಮೆ ಕ್ಷಣಕಾಲ ತಡೆಯುತ್ತಿತ್ತು. ಅದು ಗುಮಾಸ್ತರು ನಶ್ಯದ ಡಬ್ಬಿಗೆ ಕೈ ಹಾಕುವಷ್ಟು ಹೊತ್ತೂ ಅಲ್ಲ.

ಸಿ.ಡಿ.ಯಿಂದ ಯುಗಾದಿಯವರೆಗಿನದು ಮರಳಿ ಬಂತು. ಬೇಸಗೆಯಲ್ಲಿ ಭೂತಗನ್ನಡಿ ಹಿಡಿದು ಸೇರಿಸಿದ 412 ಸಾಲು ಬರಲಿಲ್ಲ. ಗುಮಾಸ್ತರು ಮತ್ತೆ 1958ರ ರಿಜಿಸ್ಟರು ಬಿಚ್ಚಿ ಕುಳಿತರು. ಆದರೆ ಏಪ್ರಿಲಿನಲ್ಲಿ ಮಗುಚಿದಾಗಲೇ ಮುರಿಯುತ್ತಿದ್ದ ಪುಟಗಳು ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದವು. ಎಷ್ಟು ಜತನದಿಂದ ಬಿಡಿಸಿದರೂ ಒಂದು ಪುಟದ ಕೆಳಗಿನ ಭಾಗ ಪುಡಿಯಾಗಿ ಅಂಗೈಗೆ ಬಂತು. ಅದರಲ್ಲಿ ಎಂಟು ಹೆಸರಿದ್ದವು. ವರ್ಗಾವಣೆ ಪತ್ರದ ಹಳೆಯ ಪುಸ್ತಕಗಳ ಉಳಿಕೆ ಪ್ರತಿಗಳನ್ನು ಅಟ್ಟದಿಂದ ಇಳಿಸಿ, ಎರಡು ವಾರ ಹುಡುಕಿ, ಆರು ಹೆಸರುಗಳನ್ನು ಮತ್ತೆ ಕೂಡಿಸಿದರು. ಉಳಿದಿಬ್ಬರು ಪತ್ರ ಪಡೆಯದೆಯೇ ಶಾಲೆ ಬಿಟ್ಟಿರಬೇಕು. ಒಂದು ಹೆಣ್ಣುಮಗುವಿನ ಹೆಸರು ಎಂದು ಗುಮಾಸ್ತರಿಗೆ ನೆನಪಿತ್ತು. ಎರಡು ತಿಂಗಳ ಹಿಂದೆ ತಮ್ಮ ಬೆರಳಲ್ಲೇ ಟೈಪು ಮಾಡಿದ್ದು, ಆದರೂ ಏನು ಮಾಡಿದರೂ ಬಾಯಿಗೆ ಬರಲಿಲ್ಲ.

ಅವರು 2014ರಲ್ಲಿ ನಿವೃತ್ತರಾದರು. ಫೈಲನ್ನು ಹೊಸ ಗುಮಾಸ್ತರಿಗೆ ಒಪ್ಪಿಸುವಾಗ ಮೂರು ಪ್ರತಿ ಮಾಡಿಸಿ, ಮೂರಕ್ಕೂ ರುಜು ಹಾಕಿಸಿಕೊಂಡರು. ಅದರಲ್ಲಿ ಎರಡು ಸಾಲುಗಳಿವೆ. ಮೊದಲಿಗೆ ಕ್ರಮಸಂಖ್ಯೆ, ಆಮೇಲೆ ಅಲ್ಪವಿರಾಮಗಳು ಮಾತ್ರ.